ಜಾಲತಾಣ ಯಾರ ನೆಲದಲ್ಲಿ?

ಮಲೆನಾಡಿನಲ್ಲಿ ಕಾಗದಕ್ಕೆ ಆಯುಷ್ಯ ಕಡಿಮೆ. ಮಳೆಗಾಲದುದ್ದಕ್ಕೂ ಆರದ ತೇವ, ಗೋಡೆಯಿಂದ ಕಪಾಟಿಗೆ ಹತ್ತುವ ಗೆದ್ದಲು, ಪುಟಗಳ ನಡುವೆ ಹಬ್ಬುವ ಬೂಷ್ಟು ಇವುಗಳ ಬಾಯಿಗೆ ಸಿಕ್ಕಿ ಸಂಘಟನೆಗಳ ಠರಾವು ಪುಸ್ತಕಗಳೂ, ಸಾರ್ವಜನಿಕ ಅಹವಾಲು ಸಭೆಗಳಲ್ಲಿ ಸಲ್ಲಿಸಿದ ಆಕ್ಷೇಪಣೆಗಳ ಪ್ರತಿಗಳೂ, ತೋಟದ ಮನೆಗಳಲ್ಲಿ ದಿನದಿನವೂ ಬರೆದಿಟ್ಟ ಮಳೆಯ ಲೆಕ್ಕಗಳೂ ಹತ್ತಿಪ್ಪತ್ತು ವರ್ಷಗಳಲ್ಲಿ ಓದಲಾಗದ ಸ್ಥಿತಿಗೆ ಬರುತ್ತವೆ. ಇವನ್ನೆಲ್ಲ ಅಂತರ್ಜಾಲಕ್ಕೆ ಏರಿಸಬೇಕು, ಸಂಘಟನೆಗೆ ತನ್ನದೇ ಆದ ಜಾಲತಾಣ ಬೇಕು ಎಂಬ ಮಾತು ಈಗ ಸಭೆಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತಿರುವುದು ಇದರಿಂದಲೇ. ಮಾತು ಸರಿಯಾದದ್ದೇ. ಆದರೆ ಅದರ ಬೆನ್ನಿಗೇ ಬರುವ ಪ್ರಶ್ನೆಯನ್ನು ಕಂಪ್ಯೂಟರ್ ಬಲ್ಲ ಯಾರಾದರೊಬ್ಬ ಕಾಲೇಜು ಹುಡುಗನ ತಲೆಗೆ ಕಟ್ಟಿ ಎಲ್ಲರೂ ಎದ್ದುಹೋಗುತ್ತಾರೆ. ತಾಣವನ್ನು ಎಲ್ಲಿ ಇಡುವುದು, ಯಾವ ಬಗೆಯ ಹೋಸ್ಟಿಂಗ್ ಕೊಳ್ಳುವುದು ಎಂಬುದೇ ಆ ಪ್ರಶ್ನೆ.

ಜಾಲತಾಣವೆಂಬುದು ಆಕಾಶದಲ್ಲಿ ತೇಲುವ ವಸ್ತುವಲ್ಲ. ಅದು ಒಂದಿಷ್ಟು ಕಡತಗಳ ಕಟ್ಟು. ಹಗಲಿರುಳೂ ನಡೆಯುತ್ತಿರುವ ಒಂದು ಕಂಪ್ಯೂಟರಿನಲ್ಲಿ ಆ ಕಡತಗಳಿರುತ್ತವೆ. ಯಾರು ಕೇಳಿದರೂ ಅದು ಪುಟವನ್ನು ತೆಗೆದು ಕಳಿಸುತ್ತದೆ. ಸರ್ವರ್ ಎಂದು ಕರೆಯುವ ಈ ಯಂತ್ರ ಯಾವುದೋ ಊರಿನ ಕಟ್ಟಡವೊಂದರಲ್ಲಿ, ಯಾರದೋ ಒಡೆತನದಲ್ಲಿ ಇರುತ್ತದೆ. ಅದರಲ್ಲಿ ಜಾಗ ಪಡೆಯುವುದೇ ಹೋಸ್ಟಿಂಗ್. ಪರರ ನೆಲದಲ್ಲಿ ಬೆಳೆ ತೆಗೆಯುವ ಅನುಭವ ಮಲೆನಾಡಿಗೆ ಹೊಸದಲ್ಲ. 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದಾಗ, ಗೇಣಿ ಚೀಟಿಯನ್ನು ಜೋಪಾನವಾಗಿ ಇಟ್ಟುಕೊಂಡವನ ಪಾಡೇ ಬೇರೆ, ಬಾಯಿಮಾತಿನ ಗೇಣಿದಾರನ ಪಾಡೇ ಬೇರೆ ಆಗಿತ್ತೆಂಬುದನ್ನು ಹಿರಿಯರು ಬಲ್ಲರು. ಹೋಸ್ಟಿಂಗಿನ ಬಗೆಗಳನ್ನೂ ಅದೇ ಕಣ್ಣಿನಿಂದ ನೋಡಿದರೆ ಅರ್ಧ ಗೊಂದಲ ಕಳೆಯುತ್ತದೆ.

ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ಪುಕ್ಕಟೆ ಜಾಗ. ಈ ಬಗೆಯ ಚರಿತ್ರೆಯಲ್ಲಿ ಜಿಯೋಸಿಟೀಸ್‌ನ ಕಥೆಯನ್ನು ಪರಿಸರಾಸಕ್ತರು ವಿಶೇಷವಾಗಿ ತಿಳಿಯಬೇಕು. 1994ರಲ್ಲಿ ಅಮೆರಿಕದಲ್ಲಿ ಆರಂಭವಾದ ಈ ಸೇವೆ ಯಾರು ಬೇಕಾದರೂ ಹಣವಿಲ್ಲದೆ ತಾಣ ಕಟ್ಟಿಕೊಳ್ಳಲು ಜಾಗ ನೀಡಿತು. ವಿಷಯಕ್ಕೊಂದರಂತೆ ಬಡಾವಣೆಗಳನ್ನು ಮಾಡಿತ್ತು. ಪರಿಸರ ಮತ್ತು ಸಂರಕ್ಷಣೆಗೆ ಸಂಬಂಧಿಸಿದ ಪುಟಗಳಿಗಾಗಿ 'ರೈನ್‌ಫಾರೆಸ್ಟ್' ಎಂಬ ಬಡಾವಣೆಯೇ ಇತ್ತು. 1999ರಲ್ಲಿ ಯಾಹೂ ಕಂಪನಿ ಅದನ್ನು ಕೊಂಡಿತು. ಹತ್ತು ವರ್ಷಗಳ ಬಳಿಕ, 2009ರ ಅಕ್ಟೋಬರ್ 26ರಂದು, ಮುಚ್ಚಿಯೂ ಬಿಟ್ಟಿತು. ಜಪಾನಿನಲ್ಲಿ ಮಾತ್ರ 2019ರ ವರೆಗೆ ಉಸಿರು ಹಿಡಿದುಕೊಂಡಿತ್ತು. ಸ್ವಯಂಸೇವಕರ ಗುಂಪುಗಳೂ ಸ್ಯಾನ್ ಫ್ರಾನ್ಸಿಸ್ಕೋದ ಇಂಟರ್ನೆಟ್ ಆರ್ಕೈವ್ ಸಂಸ್ಥೆಯೂ ಗಡುವಿನೊಳಗೆ ಓಡಾಡಿ ಪ್ರತಿ ಮಾಡಿಟ್ಟುಕೊಂಡಷ್ಟು ಉಳಿಯಿತು, ಮಿಕ್ಕದ್ದು ಅಳಿಯಿತು. ಯಾವ ಮಳೆಕಾಡನ್ನೂ ಇಷ್ಟು ಸುಲಭವಾಗಿ, ಒಂದು ಕೊಡಲಿಯ ಪೆಟ್ಟೂ ಇಲ್ಲದೆ ಬಯಲು ಮಾಡಿದ ಉದಾಹರಣೆಯಿಲ್ಲ. ಅಲ್ಲಿ ಬರೆದವರಿಗೆ ಗೇಣಿ ಚೀಟಿಯೇ ಇರಲಿಲ್ಲ. ಬಾಡಿಗೆ ಕೊಡದವನಿಗೆ ಒಡೆಯನನ್ನು ಪ್ರಶ್ನಿಸುವ ಬಾಯಿಯೂ ಇರುವುದಿಲ್ಲ.

ಇಂದಿನ ಪುಕ್ಕಟೆ ಸೇವೆಗಳು ಅಂದಿನವುಗಳಿಗಿಂತ ಗಟ್ಟಿಯಾಗಿವೆ, ಬರೆದದ್ದನ್ನು ಹೊರತೆಗೆದು ಒಯ್ಯುವ ಸೌಲಭ್ಯವೂ ಹಲವು ಕಡೆ ಇದೆ. ಹೊಸದಾಗಿ ಕಲಿಯುವ ವಿದ್ಯಾರ್ಥಿಗೆ ಅವು ಒಳ್ಳೆಯ ಪಾಠಶಾಲೆ. ಆದರೆ ಹಳ್ಳಿಯ ಸಂಘಗಳಲ್ಲಿ ಕಾಣುವ ಅಪಾಯ ಇನ್ನೂ ಸಣ್ಣದು, ಇನ್ನೂ ಹತ್ತಿರದ್ದು. ಸಂಘದ ಫೋಟೋ, ಪತ್ರ, ವರದಿಗಳೆಲ್ಲ ಒಬ್ಬ ಕಾರ್ಯಕರ್ತನ ಸ್ವಂತ ಗೂಗಲ್ ಖಾತೆಯಲ್ಲಿರುತ್ತವೆ. ಅವನು ಕೆಲಸ ಹಿಡಿದು ಬೆಂಗಳೂರಿಗೆ ಹೋಗುತ್ತಾನೆ, ಆ ಖಾತೆಯನ್ನು ಮರೆಯುತ್ತಾನೆ. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸುವ ಕ್ರಮವನ್ನು ಗೂಗಲ್ 2023ರ ಡಿಸೆಂಬರಿನಿಂದ ಜಾರಿಗೆ ತಂದಿದೆ. ಫೇಸ್‌ಬುಕ್ ಪುಟವನ್ನೂ ವಾಟ್ಸಪ್ ಗುಂಪನ್ನೂ ದಾಖಲೆಯ ಮನೆಯೆಂದು ಭಾವಿಸಿದವರ ವಿಷಯವನ್ನಂತೂ ಹೆಚ್ಚು ಬೆಳೆಸಬೇಕಿಲ್ಲ. ಅವು ಸಂತೆಯ ಮಾತು. ಸಂತೆ ಮುಗಿದ ಮೇಲೆ ಹುಡುಕಿದರೆ ಸಿಗುವುದಿಲ್ಲ.

ಬಾಡಿಗೆ ಕೊಟ್ಟು ಪಡೆಯುವ ಜಾಗಗಳಲ್ಲಿ ಅಗ್ಗವಾದದ್ದು ಶೇರ್ಡ್ ಹೋಸ್ಟಿಂಗ್. ಇದನ್ನು ವಠಾರವೆನ್ನಬಹುದು. ಒಂದೇ ಸರ್ವರಿನಲ್ಲಿ ನೂರಾರು ತಾಣಗಳು. ಬಾವಿ ಒಂದೇ, ಹಗ್ಗ ಒಂದೇ. ಪಕ್ಕದ ಮನೆಯಲ್ಲಿ ಮದುವೆ ನಡೆದರೆ ಈ ಮನೆಯ ಕೊಡ ತುಂಬುವುದು ತಡವಾಗುತ್ತದೆ. ಜಾಹೀರಾತಿನಲ್ಲಿ ಜಾಗ 'ಅನಿಯಮಿತ' ಎಂದಿರುತ್ತದೆ. ಕರಾರಿನ ಒಳಪುಟ ತೆರೆದರೆ ಕಡತಗಳ ಸಂಖ್ಯೆಗೂ ಯಂತ್ರದ ಬಳಕೆಗೂ ಮಿತಿ ಇದ್ದೇ ಇರುತ್ತದೆ. ಮೊದಲ ವರ್ಷದ ದರ ಕಂಡು ಮರುಳಾಗದೆ ನವೀಕರಣದ ದರವನ್ನು ಕೇಳಬೇಕು. ಅದು ಎಷ್ಟೋ ಸಲ ಎರಡು ಮೂರು ಪಟ್ಟು. ತಾಣದ ವಿಳಾಸದಲ್ಲಿ ಬೀಗದ ಗುರುತು ಮೂಡಿಸುವ ಭದ್ರತಾ ಪ್ರಮಾಣಪತ್ರಕ್ಕೆ ಬೇರೆ ಹಣ ಕೇಳುವವರಿದ್ದಾರೆ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಅದನ್ನು 2016ರಿಂದ ಎಲ್ಲರಿಗೂ ಉಚಿತವಾಗಿ ನೀಡುತ್ತಿರುವುದರಿಂದ, ಸಾಮಾನ್ಯ ತಾಣವೊಂದು ಅದಕ್ಕೆ ಹಣ ತೆರುವ ಕಾರಣವಿಲ್ಲ.

ಅದೇ ವಠಾರದಲ್ಲಿ ಗೋಡೆ ಹಾಕಿಸಿ, ಅಡುಗೆಮನೆ ಬೇರೆ ಮಾಡಿಸಿಕೊಂಡರೆ ಅದು ವಿಪಿಎಸ್. ಒಂದು ಯಂತ್ರವನ್ನು ಹಲವು ಪಾಲು ಮಾಡಿ, ಪ್ರತಿ ಪಾಲಿಗೂ ತನ್ನದೇ ಸ್ಮೃತಿ, ತನ್ನದೇ ಕೀಲಿ ಕೊಟ್ಟಿರುತ್ತಾರೆ. ಸ್ವಾತಂತ್ರ್ಯ ಹೆಚ್ಚು, ಹೊಣೆಯೂ ಹೆಚ್ಚು. ಮಾಡಿನ ಹಂಚು ಸರಿಸುವವರು, ಎಂದರೆ ತಂತ್ರಾಂಶವನ್ನು ಕಾಲಕಾಲಕ್ಕೆ ನವೀಕರಿಸಿ ಕಳ್ಳದಾರಿಗಳನ್ನು ಮುಚ್ಚುವವರು, ಮನೆಯವರೇ ಆಗಬೇಕು. ಆ ಕೆಲಸ ಬಲ್ಲವನು ಪರೀಕ್ಷೆಗೆಂದು ಎರಡು ತಿಂಗಳು ಊರು ಬಿಟ್ಟರೆ ತಾಣ ಅನಾಥ. ಇಡೀ ಯಂತ್ರವನ್ನೇ ಗುತ್ತಿಗೆ ಹಿಡಿಯುವ ಡೆಡಿಕೇಟೆಡ್ ಸರ್ವರ್ ದೊಡ್ಡ ಸಂಸ್ಥೆಗಳ ಮಾತು. ಹಳ್ಳಿಯ ಸಂಘಟನೆಗೆ ಅದು ಒಂದು ಕೊಳಗ ಭತ್ತಕ್ಕೆ ಗಿರಣಿ ಕಟ್ಟಿಸಿದಂತೆ.

ಕ್ಲೌಡ್ ಎಂಬ ಹೆಸರು ಮೋಡವನ್ನು ನೆನಪಿಸಿದರೂ ಅಲ್ಲಿರುವುದು ಮೀಟರು. ಅಮೆಜಾನ್ ಕಂಪನಿ 2006ರಲ್ಲಿ ಸಂಗ್ರಹದ ಜಾಗವನ್ನೂ ಗಣಕದ ದುಡಿಮೆಯನ್ನೂ ಬಳಸಿದಷ್ಟಕ್ಕೆ ಹಣವೆಂಬ ಲೆಕ್ಕದಲ್ಲಿ ಮಾರತೊಡಗಿತು. 2016ರಲ್ಲಿ ಮುಂಬೈಯಲ್ಲಿ ತನ್ನ ಕೇಂದ್ರ ತೆರೆಯಿತು. ಗೂಗಲ್, ಮೈಕ್ರೋಸಾಫ್ಟ್ ಮೊದಲಾದವರೂ ಅದೇ ಹಾದಿ ಹಿಡಿದರು. ಬೇಡಿಕೆ ಏರಿದಾಗ ಹಿಗ್ಗಿ, ಇಳಿದಾಗ ಕುಗ್ಗುವ ಗುಣ ಇದರದು. ಆದರೆ ಎಣಿಸುವವನು ಯಾರೆಂಬುದನ್ನು ನೋಡಬೇಕು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎತ್ತಿದ ಪ್ರಶ್ನೆಗಳಲ್ಲಿ ಗೇಣಿ ಭತ್ತವನ್ನು ಅಳೆಯುವ ಕೊಳಗದ್ದೂ ಒಂದು. ಕೊಳಗ ಒಡೆಯನ ಮನೆಯದಾದರೆ ರಾಶಿ ಎಷ್ಟಿದ್ದರೂ ಲೆಕ್ಕ ಅವನದೇ. ಕ್ಲೌಡಿನಲ್ಲಿ ಸಂಗ್ರಹದ ದರ ಕಡಿಮೆಯಿದ್ದರೂ, ಸರ್ವರಿನಿಂದ ಹೊರಹೋಗುವ ಮಾಹಿತಿಗೆ ಬಹಳಷ್ಟು ಕಂಪನಿಗಳು ಪ್ರತ್ಯೇಕ ದರ ವಿಧಿಸುತ್ತವೆ. ಅಹವಾಲು ಸಭೆಯ ವಿಡಿಯೋ ಒಂದನ್ನು ಅಲ್ಲಿಟ್ಟು, ಅದನ್ನು ಅನಿರೀಕ್ಷಿತವಾಗಿ ಸಾವಿರಾರು ಜನ ನೋಡಿದರೆ, ತಿಂಗಳ ಕೊನೆಯಲ್ಲಿ ಬರುವ ಬಿಲ್ಲು ಸಂಘದ ವರ್ಷದ ಚಂದಾವನ್ನು ಮೀರಬಹುದು. ಬಳಕೆಯ ಮಿತಿ ಮತ್ತು ಎಚ್ಚರಿಕೆಯ ಗಂಟೆಯನ್ನು ಮೊದಲೇ ಕಟ್ಟಿಕೊಳ್ಳದೆ ಈ ದಾರಿಗೆ ಇಳಿಯಬಾರದು.

ಹಾಗಾದರೆ ಸ್ವಂತ ಮನೆಯಲ್ಲೇ ಸರ್ವರ್ ಇಟ್ಟುಕೊಳ್ಳಬಾರದೇಕೆ? ಸ್ವಾವಲಂಬನೆಯನ್ನು ಮೆಚ್ಚುವ ವಿದ್ಯಾರ್ಥಿಗಳು ಕೇಳುವ ಪ್ರಶ್ನೆ ಇದು, ಮತ್ತು ಗೌರವಕ್ಕೆ ಅರ್ಹವಾದ ಪ್ರಶ್ನೆ. ಯಂತ್ರದ ಬೆಲೆ ಅಡ್ಡಿಯಲ್ಲ. ಅಂಗೈಯಗಲದ ರಾಸ್ಪ್‌ಬೆರಿ ಪೈ ಒಂದು ಸಾಕು. ಅಡ್ಡಿ ಇರುವುದು ಬೇರೆಡೆ. ಆಷಾಢದ ಗಾಳಿಗೆ ಮರ ಬಿದ್ದು ದಿನಗಟ್ಟಲೆ ಕರೆಂಟಿಲ್ಲದ ಊರುಗಳಲ್ಲಿ, ಮುಂಗಾರುಪೂರ್ವದ ಸಿಡಿಲಿಗೆ ಮೋಡೆಮ್ಮುಗಳು ಸುಟ್ಟುಹೋಗುವಲ್ಲಿ ಹಗಲಿರುಳೂ ನಡೆಯುವ ಸರ್ವರ್ ದುಸ್ತರ. ಅದರ ಮೇಲೆ, ಮೊಬೈಲ್ ಜಾಲಗಳೂ ಹಲವು ಬ್ರಾಡ್‌ಬ್ಯಾಂಡ್ ಸಂಪರ್ಕಗಳೂ ಈಗ ಅನೇಕ ಮನೆಗಳಿಗೆ ಒಂದೇ ಸಾರ್ವಜನಿಕ ವಿಳಾಸವನ್ನು ಹಂಚಿರುತ್ತವೆ. ಒಳಗಿನವರು ಹೊರಹೋಗಬಹುದು, ಹೊರಗಿನವರು ಮನೆ ಹುಡುಕಿ ಬರಲು ದಾರಿಯಿರುವುದಿಲ್ಲ. ಆದರೆ ಊರೊಳಗಿನ ಬಳಕೆಗೆ ಇದೇ ಯಂತ್ರ ಬಹಳ ಉಪಯುಕ್ತ. ಶಾಲೆಯಲ್ಲೋ ಗ್ರಂಥಾಲಯದಲ್ಲೋ ಒಂದು ಚಿಕ್ಕ ಸರ್ವರಿಟ್ಟು ವೈಫೈ ಮೂಲಕ ಸುತ್ತಿನ ಮನೆಗಳಿಗೆ ಪುಟಗಳನ್ನು ತೋರಿಸಲು ಹೊರಗಿನ ಅಂತರ್ಜಾಲವೇ ಬೇಕಿಲ್ಲ. ತುಮಕೂರು ಜಿಲ್ಲೆಯ ದೇವರಾಯನದುರ್ಗದ ಸುತ್ತ ಜನಸ್ತು ಸಂಸ್ಥೆ ಇಂಥ ಸಮುದಾಯ ಜಾಲದ ಪ್ರಯೋಗ ನಡೆಸಿರುವುದು ಗಮನಾರ್ಹ.

ಯಾವ ಬಗೆ ಲೇಸೆಂದು ತೀರ್ಮಾನಿಸುವ ಮೊದಲು ಇಡಬೇಕಾದ ಸರಕು ಎಷ್ಟೆಂದು ಅಳೆಯುವುದು ಉಚಿತ. ಯೂನಿಕೋಡ್ ಕನ್ನಡದ ಒಂದೊಂದು ಸಂಕೇತಕ್ಕೂ ಸಾಮಾನ್ಯವಾಗಿ 3 ಬೈಟ್ ಜಾಗ ಬೇಕು. 2000 ಪದಗಳ ಲೇಖನವೊಂದು ಸುಮಾರು 50 ಕಿಲೋಬೈಟ್ ಆಗುತ್ತದೆ. ಸಂಚಿಕೆಗೆ ಎಂಟು ಲೇಖನ, ವರ್ಷಕ್ಕೆ 4 ಸಂಚಿಕೆ ಎಂದಿಟ್ಟುಕೊಂಡರೂ 25 ವರ್ಷಗಳ ಬರಹವೆಲ್ಲ ಸೇರಿ 40 ಮೆಗಾಬೈಟ್. ಈಗಿನ ಮೊಬೈಲಿನಲ್ಲಿ ತೆಗೆದ ಹತ್ತು ಹನ್ನೆರಡು ಚಿತ್ರಗಳ ತೂಕ ಅಷ್ಟೇ! ಕಾಲು ಶತಮಾನದ ಹೋರಾಟದ ಬರಹಕ್ಕೆ ಒಂದು ಮದುವೆಮನೆಯ ಕೆಲವು ಫೋಟೋಗಳಷ್ಟು ಜಾಗ ಸಾಕೆಂದಾದ ಮೇಲೆ ದುಬಾರಿ ಸರ್ವರಿನ ಮಾತೇಕೆ? ಅಗ್ಗದ ವಠಾರವೇ ಧಾರಾಳ. ಸ್ಕ್ಯಾನ್ ಮಾಡಿದ ಪುಟಗಳು ಹೆಚ್ಚು ಜಾಗ ಬೇಡುತ್ತವೆ, ನಿಜ. ಆದರೂ ಗಾತ್ರ ಇಳಿಸಿ ಇಟ್ಟರೆ ಅವೂ ಅಲ್ಲಿ ಹಿಡಿಸುತ್ತವೆ. ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟುಗಳಲ್ಲಿ ಉಳಿದ ಕಡತಗಳನ್ನು ಮಾತ್ರ ಏರಿಸುವ ಮೊದಲೇ ಯೂನಿಕೋಡಿಗೆ ಪರಿವರ್ತಿಸಬೇಕು. ಇಲ್ಲವಾದರೆ ಆ ಫಾಂಟಿಲ್ಲದ ಯಂತ್ರದಲ್ಲಿ ಕನ್ನಡವು ರೋಮನ್ ಅಕ್ಷರಗಳ ಚೆಲ್ಲಾಪಿಲ್ಲಿಯಾಗಿ ಕಾಣುತ್ತದೆ, ಹುಡುಕಾಟಕ್ಕೂ ಸಿಕ್ಕುವುದಿಲ್ಲ.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ದತ್ತಸಂಚಯ, ಪ್ಲಗಿನ್ನುಗಳನ್ನು ನಂಬಿದ ತಾಣ ಪ್ರತಿ ಪುಟವನ್ನೂ ಕೇಳಿದಾಗ ಹೊಸದಾಗಿ ಬೇಯಿಸುತ್ತದೆ. ಆ ಒಲೆಯಿರುವಲ್ಲಿ ಮಾತ್ರ ಅದು ಬದುಕೀತು. ಸಿದ್ಧಪುಟಗಳ ತಾಣ, ಅಂದರೆ ಸ್ಟ್ಯಾಟಿಕ್ ತಾಣ, ಹಾಗಲ್ಲ. ಬರೆದಿಟ್ಟ ಪುಟಗಳು ಹಾಗೆಯೇ ಇರುತ್ತವೆ. ಅದನ್ನು ಒಂದು ಪೆನ್‌ಡ್ರೈವಿಗೆ ತುಂಬಿಕೊಂಡು, ಜಾಲ ಸಂಪರ್ಕವೇ ಇಲ್ಲದ ಶಾಲೆಯ ಕಂಪ್ಯೂಟರಿನಲ್ಲಿ ತೆರೆದರೂ ತೆರೆಯುತ್ತದೆ. ಒಬ್ಬ ಹೋಸ್ಟ್ ದರ ಏರಿಸಿದರೆ ಒಂದೇ ಮಧ್ಯಾಹ್ನದಲ್ಲಿ ಗಂಟುಮೂಟೆ ಕಟ್ಟಿ ಇನ್ನೊಂದು ಕಡೆ ಇಳಿಸಬಹುದು. ಇಂಥ ತಾಣಗಳಿಗೆ ಗಿಟ್‌ಹಬ್ ಪೇಜಸ್‌ನಂತಹ ಸೇವೆಗಳಲ್ಲಿ ಜಾಗ ಪುಕ್ಕಟೆಯಾಗಿಯೇ ಸಿಗುತ್ತದೆ. ಪ್ರತಿ ಕೈಯಲ್ಲಿರುವುದರಿಂದ ಆ ಪುಕ್ಕಟೆಗೆ ಜಿಯೋಸಿಟೀಸ್‌ನ ಭಯವಿಲ್ಲ. ಹಗುರ ತಾಣ ಕಡಿಮೆ ವಿದ್ಯುತ್ತನ್ನು ಬಳಸುತ್ತದೆ ಎಂಬುದೂ ಗಣನೆಗೆ ಬರಬೇಕು. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಜಗತ್ತಿನ ದತ್ತಾಂಶ ಕೇಂದ್ರಗಳು ಬಳಸಿದ ವಿದ್ಯುತ್ತು ಸುಮಾರು 415 ಟೆರಾವಾಟ್ ಗಂಟೆ, ಒಟ್ಟು ಬಳಕೆಯ ಶೇಕಡಾ 1.5ರಷ್ಟು. ಶರಾವತಿಗೆ ಮತ್ತೊಂದು ಯೋಜನೆ ಬೇಡವೆನ್ನುವವರ ತಾಣ ಅನಗತ್ಯವಾಗಿ ಕರೆಂಟು ನುಂಗುವುದು ಶೋಭಿಸದು.

ಪ್ರತಿಗಳ ವಿಷಯಕ್ಕೆ ಬಂದರೆ, ಇಲ್ಲಿ ರೈತರಿಗೆ ಯಾರೂ ಪಾಠ ಹೇಳಬೇಕಿಲ್ಲ. ಬೀಜದ ಭತ್ತವನ್ನು ಒಂದೇ ಪಣತದಲ್ಲಿ ಇಟ್ಟು ನೆಮ್ಮದಿಯಾಗಿ ಮಲಗಿದ ಮನೆಯಿಲ್ಲ. ಒಂದು ಮುಡೆ ನೆಂಟರ ಮನೆಯಲ್ಲಿ ಇದ್ದೇ ಇರುತ್ತಿತ್ತು. ವಿಜ್ಞಾನದ ಬೀಜಕೋಶಗಳೂ ಅದನ್ನೇ ಅನುಸರಿಸುತ್ತವೆ. ಒಣಭೂಮಿ ಕೃಷಿಯ ಸಂಶೋಧನಾ ಕೇಂದ್ರವಾದ ಇಕಾರ್ಡಾ ಸಿರಿಯಾದ ಅಲೆಪ್ಪೋ ಬಳಿಯ ತನ್ನ ತಳಿಸಂಗ್ರಹದ ಪ್ರತಿಗಳನ್ನು, 2008ರಲ್ಲಿ ನಾರ್ವೆಯ ಸ್ವಾಲ್ಬಾರ್ಡ್‌ನಲ್ಲಿ ತೆರೆದ ಬೀಜ ಭಂಡಾರಕ್ಕೆ ಕಳಿಸಿಟ್ಟಿತ್ತು. ಯುದ್ಧದಿಂದಾಗಿ ಅಲೆಪ್ಪೋದ ಸಂಗ್ರಹ ಕೈಗೆಟುಕದಂತಾದಾಗ, 2015ರಲ್ಲಿ ಆ ಮುಡೆಗಳನ್ನು ಮರಳಿ ಪಡೆದು ಲೆಬನಾನ್ ಮತ್ತು ಮೊರಾಕ್ಕೋದಲ್ಲಿ ಬಿತ್ತಿ ಬೆಳೆಸಿತು.

ಸರ್ವರುಗಳ ಲೋಕದಲ್ಲಿ ಈ ವಿವೇಕ ಎಷ್ಟೋ ಸಲ ಕಾಣುವುದಿಲ್ಲ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ, ಯುರೋಪಿನ ದೊಡ್ಡ ಹೋಸ್ಟಿಂಗ್ ಕಂಪನಿಗಳಲ್ಲಿ ಒಂದಾದ ಓವಿಎಚ್‌ನ ಐದಂತಸ್ತಿನ ದತ್ತಾಂಶ ಕೇಂದ್ರ ಸುಟ್ಟು ಬೂದಿಯಾಯಿತು. ಅಲ್ಲಿ ಎಲ್ಲ ಬಗೆಯ ಬಾಡಿಗೆದಾರರಿದ್ದರು, ಇಡೀ ಯಂತ್ರವನ್ನು ಗುತ್ತಿಗೆ ಹಿಡಿದವರೂ ಇದ್ದರು; ಬೆಂಕಿ ಯಾರ ಕರಾರನ್ನೂ ಓದಲಿಲ್ಲ. ಬ್ಯಾಕಪ್ಪಿಗೆಂದು ಬೇರೆ ಹಣ ತೆತ್ತವರಲ್ಲಿ ಕೆಲವರ ಪ್ರತಿಯೂ ಅದೇ ಕಟ್ಟಡದಲ್ಲಿತ್ತೆಂಬುದು ಆಮೇಲೆ ಬೆಳಕಿಗೆ ಬಂತು, 2023ರಲ್ಲಿ ನ್ಯಾಯಾಲಯ ಪರಿಹಾರಕ್ಕೂ ಆದೇಶಿಸಿತು. ಪರಿಹಾರ ಬಂತು, ಕಡತ ಬರಲಿಲ್ಲ. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್ ನಗರದ ಸರ್ಕಾರಿ ದತ್ತಾಂಶ ಕೇಂದ್ರಕ್ಕೆ ಬೆಂಕಿ ಬಿದ್ದಾಗ ಸರ್ಕಾರಿ ನೌಕರರ ಕಡತಗಳಿದ್ದ 858 ಟೆರಾಬೈಟ್ ಸಂಗ್ರಹ ನಾಶವಾಯಿತು. ಗಾತ್ರ ತೀರ ದೊಡ್ಡದೆಂಬ ಕಾರಣಕ್ಕೆ ಅದರ ಪ್ರತಿಯನ್ನು ಹೊರಗೆಲ್ಲೂ ಇಟ್ಟಿರಲಿಲ್ಲ. ಹಳ್ಳಿಯ ಸಂಘಟನೆಗೆ ಆ ನೆಪವೂ ಇಲ್ಲ. ಅದರ ಸರ್ವಸ್ವವೂ ಅಂಗಿಯ ಜೇಬಿನಲ್ಲಿ ಹಿಡಿಸುತ್ತದೆ. ಹೋಸ್ಟಿನ ಬಳಿ ಒಂದು, ಕಾರ್ಯಾಲಯದಲ್ಲಿ ಒಂದು, ಘಟ್ಟದ ಕೆಳಗಿನ ಯಾವುದಾದರೂ ಊರಿನ ಸದಸ್ಯರ ಮನೆಯಲ್ಲಿ ಒಂದು: ಇಷ್ಟು ಪ್ರತಿಗಳಿದ್ದರೆ ಹೋಸ್ಟಿಂಗಿನ ಬಗೆ ಯಾವುದಾದರೂ ನಡೆದೀತು.

ಹೆಸರಿನ ಪ್ರಶ್ನೆ ಬೇರೆಯೇ. ತಾಣದ ಡೊಮೈನ್ ಹೆಸರು ಹೋಸ್ಟಿಂಗಿಗೆ ಅಂಟಿಕೊಂಡದ್ದಲ್ಲ. ಅದನ್ನು ಪ್ರತ್ಯೇಕವಾಗಿ ನೋಂದಾಯಿಸಿ, ವರ್ಷ ವರ್ಷ ನವೀಕರಿಸಬೇಕು. ಹೆಸರು ಸಂಘದ ಕೈಯಲ್ಲಿದ್ದರೆ ಮನೆ ಬದಲಿಸಿದರೂ ವಿಳಾಸ ಬದಲಾಗುವುದಿಲ್ಲ. ತಾಣ ಕಟ್ಟಿಕೊಟ್ಟವನು ಅನುಕೂಲಕ್ಕೆಂದು ತನ್ನ ಹೆಸರಿನಲ್ಲೇ ಅದನ್ನು ನೋಂದಾಯಿಸಿಕೊಳ್ಳುವುದು ಸಾಮಾನ್ಯ ರೂಢಿ, ಮತ್ತು ಬಹುತೇಕ ಜಗಳಗಳ ಮೂಲ. ನವೀಕರಣ ಮರೆತರೆ ಕೆಲವು ವಾರಗಳ ವಾಯಿದೆ ಸಿಕ್ಕೀತು. ಆಮೇಲೆ ಯಾರು ಬೇಕಾದರೂ ಹಿಡಿಯಬಹುದು. ನದಿಯ ಹೆಸರಿನ ತಾಣವನ್ನು ತೆರೆದರೆ ಜೂಜಿನ ಜಾಹೀರಾತು ಕಾಣಿಸುವುದು ಹೀಗೆ.

ಹೆಸರೂ ಸಂಪೂರ್ಣ ಸ್ವಂತದ್ದಲ್ಲವೆಂಬುದನ್ನು 2020ರ ಜುಲೈ ತೋರಿಸಿತು. ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ಕರಡಿಗೆ ದೇಶದೆಲ್ಲೆಡೆಯಿಂದ ಆಕ್ಷೇಪಣೆಗಳು ಹೋಗುತ್ತಿದ್ದ ಹೊತ್ತಿನಲ್ಲಿ, ಫ್ರೈಡೇಸ್ ಫಾರ್ ಫ್ಯೂಚರ್, ಲೆಟ್ ಇಂಡಿಯಾ ಬ್ರೀದ್ ಮೊದಲಾದ ಪರಿಸರ ಗುಂಪುಗಳ ತಾಣಗಳು ಓದುಗರಿಗೆ ತೆರೆಯದಾದವು. ಫ್ರೈಡೇಸ್ ಫಾರ್ ಫ್ಯೂಚರ್ ತಾಣದ ವಿಷಯದಲ್ಲಿ ದೆಹಲಿ ಪೊಲೀಸರ ನೋಟಿಸು ಹೆಸರಿನ ನೋಂದಣಿ ನೋಡಿಕೊಳ್ಳುವವರಿಗೆ ಹೋಗಿತ್ತು. ಅದರಲ್ಲಿ ಯುಎಪಿಎ ಕಾಯ್ದೆಯ ಉಲ್ಲೇಖವೂ ಇತ್ತು. ಅದು ತಪ್ಪಾಗಿ ಹೋದದ್ದೆಂದು ಪೊಲೀಸರೇ ಬಳಿಕ ಹಿಂಪಡೆದರು, ತಾಣ ಮತ್ತೆ ತೆರೆಯಿತು. ಆದರೆ ಆಕ್ಷೇಪಣೆಯ ಗಡುವು ಓಡುತ್ತಿದ್ದ ದಿನಗಳು ಅವು. ಅದೇ ಕರಡಿಗೆ ಕನ್ನಡದಲ್ಲಿ ಸಾಕಷ್ಟು ಪ್ರಚಾರ ಸಿಕ್ಕಿಲ್ಲವೆಂಬ ಅರ್ಜಿಯ ಮೇಲೆ ಕರ್ನಾಟಕ ಹೈಕೋರ್ಟ್ ಆ ಆಗಸ್ಟಿನಲ್ಲಿ ಅಂತಿಮ ಅಧಿಸೂಚನೆಗೆ ತಡೆ ನೀಡಿದ್ದನ್ನು ಇಲ್ಲಿ ನೆನೆಯಬೇಕು. 2024ರ ಜುಲೈ 31ರಂದು ಪಶ್ಚಿಮಘಟ್ಟ ಸೂಕ್ಷ್ಮ ಪ್ರದೇಶದ ಆರನೆಯ ಕರಡು ಹೊರಟಾಗಲೂ ಆಕ್ಷೇಪಣೆಗೆ ಇದ್ದದ್ದು 60 ದಿನ. ಅಂಥ 60 ದಿನಗಳಲ್ಲಿ ಹತ್ತು ದಿನ ತಾಣ ಮುಚ್ಚಿದರೆ ಆ ಕರಡಿನ ಕನ್ನಡ ಪಾಠವನ್ನು ಹಳ್ಳಿಗೆ ಮುಟ್ಟಿಸುವುದು ಪೆನ್‌ಡ್ರೈವು ಮತ್ತು ಮುದ್ರಿತ ಪತ್ರಿಕೆಗಳೇ. ಪತ್ರಿಕೆಯನ್ನು ನಿಲ್ಲಿಸಿ ಜಾಲತಾಣವೊಂದನ್ನೇ ಉಳಿಸಿಕೊಂಡರೆ ಸಾಕೆಂಬ ಸಲಹೆಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಯಾವ ಹೋಸ್ಟಿನಲ್ಲೂ ಇಡಬಾರದ ಸರಕೂ ಇದೆ. ಜೀವವೈವಿಧ್ಯ ಕಾಯ್ದೆ 2002ರ ಅಡಿಯಲ್ಲಿ ಪಂಚಾಯಿತಿಗಳು ಸಿದ್ಧಪಡಿಸುವ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ನಾಟಿವೈದ್ಯರು ನಂಬಿಕೆಯಿಂದ ಹೇಳಿದ ಔಷಧಿಗಳಿರುತ್ತವೆ, ಅಪರೂಪದ ಅಪ್ಪೆಮಿಡಿ ಮರ ಯಾವ ಹಳ್ಳದ ದಂಡೆಯಲ್ಲಿದೆ ಎಂಬ ವಿವರವಿರುತ್ತದೆ. ಕಾಯಿಯ ಆಸೆಗೆ ಕೊಂಬೆ ಕಡಿದೇ ಎಷ್ಟೋ ಮರಗಳು ಹೋದ ಸೀಮೆಯಲ್ಲಿ ನಿಖರ ಸ್ಥಳವನ್ನು ಜಗತ್ತಿಗೆಲ್ಲ ತೆರೆದಿಡುವುದು ಮರಕ್ಕೆ ಹಿತವಲ್ಲ. ತಳಿಯ ಹೆಸರು, ಗುಣ, ಕಾಯಿಯ ಚಿತ್ರ ತಾಣದಲ್ಲಿರಲಿ. ಮರವಿರುವ ಜಾಗ ಊರಿನ ಪುಸ್ತಕದಲ್ಲಿ ಮಾತ್ರವಿರಲಿ.

ಇಷ್ಟಾದ ಮೇಲೆ ಉಳಿಯುವುದು ಕೀಲಿಗಳ ಕೆಲಸ. ಹೆಸರಿನ ನೋಂದಣಿ ಸಂಘದ ಹೆಸರಿನಲ್ಲಿ, ಸಂಘದ ಮಿಂಚಂಚೆಗೆ ಆಗಬೇಕು. ಹೋಸ್ಟಿಂಗನ್ನು ಹೆಸರು ಕೊಂಡ ಕಂಪನಿಯಲ್ಲಿ ಕೊಳ್ಳದೆ ಬೇರೆಯವರಲ್ಲಿ ಕೊಳ್ಳುವುದು ಮೇಲು. ಒಬ್ಬನೊಡನೆ ತಕರಾರಾದರೆ ಇನ್ನೊಂದು ಕೈಯಲ್ಲಿರುತ್ತದೆ. ಪಾಸ್‌ವರ್ಡುಗಳನ್ನು ಇಬ್ಬರು ಪದಾಧಿಕಾರಿಗಳು ತಿಳಿದಿರಬೇಕು, ಮೂರನೆಯ ಪ್ರತಿ ಮೊಹರು ಮಾಡಿದ ಲಕೋಟೆಯಲ್ಲಿ ಠರಾವು ಪುಸ್ತಕದ ಜೊತೆಗಿರಬೇಕು. ಸರ್ವಸದಸ್ಯರ ಸಭೆಯಲ್ಲಿ ಲೆಕ್ಕಪತ್ರ ಮಂಡಿಸಿದ ಬಳಿಕ, ಪ್ರತಿಯನ್ನು ಬೇರೊಂದು ಯಂತ್ರದಲ್ಲಿ ತೆರೆದು ಎಲ್ಲರೆದುರು ತೋರಿಸುವ ಪದ್ಧತಿಯೊಂದನ್ನು ಹಾಕಿಕೊಳ್ಳಬಹುದು. ಅದಕ್ಕೆ ಹತ್ತು ನಿಮಿಷ ಸಾಕು, ಚಹಾ ಬರುವುದರೊಳಗೆ ಮುಗಿಯುತ್ತದೆ.